ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್: ಇಳಿಯುವ ರಸ್ತೆಗೆ ತಕ್ಕ ಜೋಡಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಕಾರಿನ ಮುಂದಿನ ಬ್ರೇಕ್ ಪ್ಯಾಡ್ ಬೇಕೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಮರುಪ್ರಶ್ನೆ ಒಂದೇ: ‘ಒರಿಜಿನಲ್ ಕೊಡಲಾ, ಬೇರೆ ಕಂಪನಿದು ಕೊಡಲಾ?’ ಆ ಪ್ರಶ್ನೆಯಲ್ಲಿ ತಪ್ಪಿಲ್ಲ, ಆದರೆ ಅದು ಮೂರನೆಯದಾಗಿ ಬರಬೇಕಾದ ಪ್ರಶ್ನೆ. ಈಗಿರುವ ಡಿಸ್ಕ್, ಅಂದರೆ ಚಕ್ರದೊಡನೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ತಟ್ಟೆ, ಹೊಸ ಪ್ಯಾಡಿಗೆ ಜೊತೆಯಾಗುವಷ್ಟು ಗಟ್ಟಿಯಾಗಿದೆಯೇ ಎಂಬುದು ಮೊದಲನೆಯದು. ಈ ಕಾರು ಎಂಥ ರಸ್ತೆಯಲ್ಲಿ, ಎಷ್ಟು ಭಾರ ಹೊತ್ತು, ಎಷ್ಟು ಇಳಿಜಾರು ಇಳಿಯುತ್ತದೆ ಎಂಬುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಕ್ಕ ಮೇಲೆ ಡಬ್ಬಿಯ ಮೇಲಿನ ಹೆಸರನ್ನು ಆರಿಸುವುದು ಅಷ್ಟೇನೂ ಕಷ್ಟವಲ್ಲ. ಉತ್ತರ ಹುಡುಕದೆ ಹೆಸರಿನಿಂದಲೇ ಆರಂಭಿಸಿದರೆ ಒಳ್ಳೆಯ ಪ್ಯಾಡನ್ನೇ ಕೊಂಡು ತಪ್ಪು ಕಾರಿಗೆ ಹಾಕಿಸಿಕೊಳ್ಳುವ ಸಾಧ್ಯತೆ ಇರುತ್ತದೆ.

ಕೈಪಿಡಿಗಳಲ್ಲಿ ರೋಟರ್ ಎಂದು ಬರೆದಿರುವುದನ್ನು ನಮ್ಮ ಗ್ಯಾರೇಜುಗಳಲ್ಲಿ ಡಿಸ್ಕ್ ಎನ್ನುತ್ತಾರೆ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ನಮ್ಮಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದಲ್ಲಿ ಸುಮಾರು ಶೇ. 70ರಷ್ಟನ್ನು ಮುಂದಿನ ಚಕ್ರಗಳೇ ಹೊರುತ್ತವೆ. ಆದ್ದರಿಂದ ಈ ಬರಹದಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಮುಂದಿನ ಚಕ್ರಗಳನ್ನು ಕುರಿತದ್ದು.

ಶಾಖದ ಲೆಕ್ಕ

ಬ್ರೇಕ್ ಮಾಡುವ ಕೆಲಸವೆಂದರೆ ಓಟವನ್ನು ಬಿಸಿಯಾಗಿ ಬದಲಾಯಿಸುವುದು, ಅಷ್ಟೆ. ಜನರೂ ಸಾಮಾನೂ ಸೇರಿ 1,200 ಕಿಲೋ ತೂಗುವ ಕಾರೊಂದು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬಂದು ಒಮ್ಮೆ ಪೂರ್ತಿ ನಿಂತರೆ ಸುಮಾರು 300 ಕಿಲೋಜೂಲ್ ಶಾಖ ಹುಟ್ಟುತ್ತದೆ. ಅದರಲ್ಲಿ ಮುಂದಿನ ಚಕ್ರಗಳ ಪಾಲನ್ನು ತಲಾ 5 ಕಿಲೋ ತೂಕದ ಎರಡು ಡಿಸ್ಕುಗಳಿಗೆ ಹಂಚಿದರೆ ಅವುಗಳ ಉಷ್ಣತೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಏರಬಹುದು. ಮತ್ತೆ ಗಾಳಿ ತಗಲಿ ಆರಲು ಸಮಯ ಸಿಗುವ ಬಯಲು ರಸ್ತೆಯಲ್ಲಿ ಇದು ಯಾವ ಪ್ಯಾಡಿಗೂ ದೊಡ್ಡ ಕೆಲಸವಲ್ಲ.

ಅದೇ ಕಾರು ಘಾಟಿಯಲ್ಲಿ 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎನ್ನಿ. ಆ ಎತ್ತರ ಬಿಟ್ಟುಕೊಡುವ ಶಕ್ತಿ ಸುಮಾರು 5,900 ಕಿಲೋಜೂಲ್, ಅಂದರೆ 80ರ ವೇಗದಿಂದ ಒಂದರ ಹಿಂದೊಂದು 20 ಸಲ ನಿಂತದ್ದಕ್ಕೆ ಸಮ. ಆಗುಂಬೆಯ 14 ತಿರುವುಗಳಲ್ಲಾಗಲಿ, ಚಾರ್ಮಾಡಿಯಲ್ಲಾಗಲಿ ವೇಗ ಕಡಿಮೆ ಇರುವುದರಿಂದ ಡಿಸ್ಕಿಗೆ ತಗಲುವ ಗಾಳಿಯೂ ಕಡಿಮೆ. ಎರಡು ತಿರುವುಗಳ ನಡುವೆ ಆರಲು ಬಿಡುವೂ ಸಿಗುವುದಿಲ್ಲ. ಎರಡನೆಯ ಗೇರಿನಲ್ಲಿಳಿದರೆ ಎಂಜಿನ್ನೇ ಈ ಶಕ್ತಿಯ ದೊಡ್ಡ ಭಾಗವನ್ನು ನುಂಗಿಕೊಳ್ಳುತ್ತದೆ. ನಾಲ್ಕನೆಯ ಗೇರಿನಲ್ಲಿ ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಇಳಿದರೆ ಬಹುತೇಕ ಅಷ್ಟೂ ಶಾಖ ಪ್ಯಾಡು, ಡಿಸ್ಕು ಮತ್ತು ಅವುಗಳ ಹಿಂದೆ ಪೆಡಲಿನ ಒತ್ತಡವನ್ನು ಚಕ್ರಕ್ಕೆ ಸಾಗಿಸುವ ಬ್ರೇಕ್ ಆಯಿಲ್‌ನ ಪಾಲಾಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ, ಗ್ಯಾರೇಜಿನವರು ತಮಗೆ ಸಿಕ್ಕ ಅಗ್ಗದ ಪ್ಯಾಡ್ ಹಾಕಿ ಕೊಟ್ಟಿದ್ದ ಕಾರಿನಲ್ಲಿ ಐದು ಜನ ಕುಳಿತು, ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದಿಂದ ಉಜಿರೆಯ ಕಡೆ ಇಳಿಯುತ್ತಿದ್ದೆವು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇದ್ದರೂ ಒತ್ತಿದಷ್ಟಕ್ಕೆ ಕಾರು ನಿಧಾನವಾಗಲಿಲ್ಲ. ಮೊದಲನೆಯ ಗೇರಿಗಿಳಿಸಿ, ರಸ್ತೆ ಅಗಲವಾಗಿದ್ದ ಕಡೆ ನಿಲ್ಲಿಸಿ, ಅರ್ಧ ಗಂಟೆ ಕಾದು ಮುಂದೆ ಹೋದೆವು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಆ ಅರ್ಧ ಗಂಟೆ ಒಂದು ಮಾತನ್ನೂ ಆಡಲಿಲ್ಲ. ಊರಿಗೆ ಬಂದು ಬಿಚ್ಚಿ ನೋಡಿದಾಗ ಪ್ಯಾಡಿನ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಕೈಕೊಟ್ಟದ್ದು ಪ್ಯಾಡ್. ಅದರೊಳಗಿನ ಅಂಟು ಬೆಂದು ಅನಿಲ ಬಿಟ್ಟು, ಪ್ಯಾಡಿಗೂ ಡಿಸ್ಕಿಗೂ ನಡುವಿನ ಹಿಡಿತ ತಪ್ಪಿರುತ್ತದೆ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತಿದ್ದರೆ ಕುದಿದದ್ದು ಬ್ರೇಕ್ ಆಯಿಲ್. ಮೊದಲನೆಯದಕ್ಕೆ ಪ್ಯಾಡ್ ಬದಲಿಸಿದರೆ ಉಪಯೋಗವಿದೆ. ಎರಡನೆಯದಕ್ಕೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಉಪಯೋಗವಿಲ್ಲ.

ಮೊದಲು ಅಳತೆ

ಹೊಸ ಪ್ಯಾಡಿನ ಘರ್ಷಣೆಯ ಪದರ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ದಪ್ಪವಿರುತ್ತದೆ. ಅದು 3 ಮಿಲಿಮೀಟರಿಗೆ ಇಳಿದಾಗ ಬದಲಾಯಿಸುವುದು ಕ್ಷೇಮ. ಹಲವು ಪ್ಯಾಡುಗಳಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿಯೊಂದಿದ್ದು, ಪದರ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರ್ರೆಂದು ಕೂಗುತ್ತದೆ. ಆ ಕೂಗನ್ನು ವಾರಗಟ್ಟಲೆ ಕಡೆಗಣಿಸಿದವರೇ ಕೊನೆಗೆ ಪ್ಯಾಡಿನ ಜೊತೆಗೆ ಡಿಸ್ಕಿನ ಬೆಲೆಯನ್ನೂ ತೆರುತ್ತಾರೆ.

ಡಿಸ್ಕಿನ ವಿಷಯದಲ್ಲಿ ಊಹೆಗೆ ಜಾಗವೇ ಇಲ್ಲ. ಎಷ್ಟರವರೆಗೆ ಸವೆಯಬಹುದೆಂಬ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಅಂಚಿನ ಮೇಲೋ ನಡುವಿನ ಟೊಪ್ಪಿಯಂಥ ಭಾಗದ ಮೇಲೋ ‘ಮಿನ್ ಟಿಎಚ್’ ಎಂಬ ಗುರುತಿನೊಡನೆ ಅಚ್ಚೊತ್ತಿರುತ್ತಾರೆ. ಹೊಸ ಡಿಸ್ಕಿಗೂ ಈ ಕನಿಷ್ಠಕ್ಕೂ ನಡುವಿನ ಅಂತರ ಬಹಳಷ್ಟು ಕಾರುಗಳಲ್ಲಿ 2 ಮಿಲಿಮೀಟರಿನ ಆಸುಪಾಸು ಮಾತ್ರ. ಸವೆದ ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡ್ ತಾಗದ ಕಡೆ ತುಕ್ಕಿನ ದಡ ಎದ್ದಿರುವುದರಿಂದ ದಪ್ಪ ಅಳೆಯುವ ವರ್ನಿಯರನ್ನು ನೇರವಾಗಿ ಇಟ್ಟರೆ ಆ ದಡದ ದಪ್ಪ ಸಿಗುತ್ತದೆಯೇ ಹೊರತು ಸವೆದ ಭಾಗದ್ದಲ್ಲ. ಡಿಸ್ಕಿನ ಎರಡೂ ಬದಿಗೆ, ಸವೆದ ಜಾಗದಲ್ಲಿ, ಒಂದೇ ಬಗೆಯ ಒಂದೊಂದು ನಾಣ್ಯವನ್ನು ಒತ್ತಿ ಹಿಡಿದು ಒಟ್ಟು ದಪ್ಪ ಅಳೆದು, ಎರಡು ನಾಣ್ಯಗಳ ದಪ್ಪವನ್ನು ಕಳೆದರೆ ಸರಿಯಾದ ಅಳತೆ ಬರುತ್ತದೆ. ಗ್ಯಾರೇಜಿನಲ್ಲಿ ಮೈಕ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಅಳತೆ ಕನಿಷ್ಠಕ್ಕಿಂತ ಕಡಿಮೆ ಬಂದರೆ ಡಿಸ್ಕ್ ಹೋಗಲೇಬೇಕು. ಕನಿಷ್ಠಕ್ಕಿಂತ ಅರ್ಧ ಮಿಲಿಮೀಟರ್ ಮಾತ್ರ ಹೆಚ್ಚಿದ್ದರೂ ನಾನು ಪ್ಯಾಡಿನ ಜೊತೆಗೇ ಬದಲಿಸುತ್ತೇನೆ, ಏಕೆಂದರೆ ಆ ಡಿಸ್ಕ್ ಹೊಸ ಪ್ಯಾಡಿನ ಆಯುಸ್ಸು ಮುಗಿಯುವ ಮೊದಲೇ ಮಿತಿ ದಾಟುತ್ತದೆ. ಜೊತೆಗೆ, ತೆಳುವಾದಷ್ಟೂ ಶಾಖ ಹೀರುವ ಲೋಹ ಕಡಿಮೆಯಾಗಿ ಅದೇ ಇಳಿಜಾರಿನಲ್ಲಿ ಬೇಗ ಕಾಯುತ್ತದೆ. ಬೋಲ್ಟಿನ ತೂತಿನಿಂದಲೋ ಅಂಚಿನಿಂದಲೋ ಬಿರುಕು ಹೊರಟಿದ್ದರೆ ಅಳತೆಯ ಮಾತೇ ಬೇಡ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದು ದಪ್ಪ ಸಾಕಷ್ಟಿದ್ದರೆ ಲೇತಿನಲ್ಲಿ ಸವರಿಸುವ ದಾರಿ ಇದೆ. ಸವರಿದ ಮೇಲೂ ಕನಿಷ್ಠಕ್ಕಿಂತ ಸಾಕಷ್ಟು ಮೇಲೆಯೇ ಉಳಿಯಬೇಕು. ಸಣ್ಣ ಕಾರಿನ ಸಾದಾ ಡಿಸ್ಕಿನ ಮಟ್ಟಿಗೆ ಸವರಿಸುವ ಕೂಲಿ, ಎರಡು ಸಲದ ಓಡಾಟ, ಆಮೇಲೆ ಉಳಿಯುವ ತೆಳುತನ ಎಲ್ಲವನ್ನೂ ತೂಗಿದರೆ ಹೊಸದನ್ನು ಹಾಕಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ದೊಡ್ಡ ಎಸ್‌ಯುವಿಗಳ ದುಬಾರಿ ಡಿಸ್ಕಿಗೆ ಲೆಕ್ಕ ಬೇರೆಯಾಗಬಹುದು.

ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ‘ಡಿಸ್ಕ್ ಬೆಂಡಾಗಿದೆ’ ಎಂದು ಹೇಳುವುದು ವಾಡಿಕೆ. ಹೆಚ್ಚಿನ ಸಲ ಡಿಸ್ಕ್ ಬಾಗಿರುವುದಿಲ್ಲ. ಒಂದು ಕಡೆ ಪ್ಯಾಡಿನ ಪದಾರ್ಥ ಹೆಚ್ಚಾಗಿ ಅಂಟಿಕೊಂಡೋ, ಒಂದು ಕಡೆ ಹೆಚ್ಚು ಸವೆದೋ ದಪ್ಪದಲ್ಲಿ ಏರುಪೇರಾಗಿರುತ್ತದೆ. ಇನ್ನು ಕೆಲವು ಸಲ ಹಬ್ಬಿನ, ಅಂದರೆ ಡಿಸ್ಕ್ ಕೂರುವ ಚಕ್ರದ ನಡುಭಾಗದ, ಮುಖದ ಮೇಲೆ ತುಕ್ಕಿನ ಪದರ ಕುಳಿತು ಡಿಸ್ಕ್ ಓರೆಯಾಗಿ ನಿಂತಿರುತ್ತದೆ. ಆ ತುಕ್ಕನ್ನು ಉಜ್ಜಿ ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಕೆಲವು ಸಾವಿರ ಕಿಲೋಮೀಟರಿನೊಳಗೆ ಅದೇ ನಡುಕ ಮರಳಿ ಬರುತ್ತದೆ, ಬೈಗುಳ ಮಾತ್ರ ಡಿಸ್ಕಿನ ತಯಾರಕನಿಗೆ ಹೋಗುತ್ತದೆ.

ಬಿಚ್ಚಿದ ನಾಲ್ಕು ಹಳೆಯ ಪ್ಯಾಡುಗಳನ್ನೂ ಪಕ್ಕಪಕ್ಕ ಇಟ್ಟು ನೋಡುವುದನ್ನು ಮರೆಯಬಾರದು. ಒಂದೇ ಚಕ್ರದ ಒಳಗಿನದು ಹೊರಗಿನದಕ್ಕಿಂತ ತುಂಬಾ ತೆಳುವಾಗಿದ್ದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನೋ ಪಿಸ್ಟನ್ನೋ ಹಿಡಿದುಕೊಂಡಿದೆ ಎಂದರ್ಥ. ಅದನ್ನು ಸರಿಪಡಿಸದೆ ಎಂಥ ಪ್ಯಾಡ್ ಹಾಕಿದರೂ ಅದೇ ಗತಿ.

ಪ್ಯಾಡಿನ ಪದಾರ್ಥ: ಮೂರು ಬಗೆ

ಅಂಗಡಿಗಳಲ್ಲಿ ಸಿಗುವ ಕಾರಿನ ಪ್ಯಾಡುಗಳನ್ನು ಸ್ಥೂಲವಾಗಿ ಆರ್ಗ್ಯಾನಿಕ್, ಸೆಮಿ ಮೆಟಾಲಿಕ್ ಮತ್ತು ಸೆರಾಮಿಕ್ ಎಂದು ಮೂರಾಗಿ ಹೇಳುವ ರೂಢಿ ಇದೆ. ಹಿಂದೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಹಾಕುತ್ತಿದ್ದ ಜಾಗದಲ್ಲಿ ಬೇರೆ ನಾರುಗಳು, ರಬ್ಬರು, ಗ್ರಾಫೈಟ್, ಅಂಟು ಮುಂತಾದವನ್ನು ಸೇರಿಸಿ ಒತ್ತಿದ್ದು ಆರ್ಗ್ಯಾನಿಕ್. ಇದು ತಣ್ಣಗಿದ್ದಾಗಲೇ ಚೆನ್ನಾಗಿ ಹಿಡಿಯುತ್ತದೆ, ಸದ್ದು ಕಡಿಮೆ, ಡಿಸ್ಕನ್ನು ಹೆಚ್ಚು ತಿನ್ನುವುದಿಲ್ಲ, ಬೆಲೆಯೂ ಹಗುರ. ಇದರ ದೌರ್ಬಲ್ಯ ಶಾಖದಲ್ಲಿದೆ: ಉಷ್ಣತೆ ಏರಿದಂತೆ ಹಿಡಿತ ಉಳಿದೆರಡಕ್ಕಿಂತ ಬೇಗ ಸಡಿಲಗೊಳ್ಳುತ್ತದೆ, ಸವೆತವೂ ಜೋರಾಗುತ್ತದೆ. ಸ್ವಲ್ಪ ಲೋಹದ ನಾರು ಬೆರೆಸಿ ಈ ಕುಂದನ್ನು ತಗ್ಗಿಸಿದ ಮಿಶ್ರಣಗಳೂ ಇವೆ.

ಸೆಮಿ ಮೆಟಾಲಿಕ್ ಪ್ಯಾಡಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗದಿಂದ ಮೂರನೆಯ ಎರಡು ಭಾಗದವರೆಗೆ ಉಕ್ಕು, ಕಬ್ಬಿಣ ಮೊದಲಾದ ಲೋಹದ ನಾರು ಮತ್ತು ಪುಡಿ ಇರುತ್ತದೆ. ಲೋಹ ಶಾಖವನ್ನು ಬೇಗ ಸಾಗಿಸುವುದರಿಂದ ಪ್ಯಾಡಿನ ಮೇಲ್ಮೈ ಅಷ್ಟು ಸುಲಭವಾಗಿ ಬೇಯುವುದಿಲ್ಲ. ಉದ್ದನೆಯ ಇಳಿಜಾರಿನಲ್ಲಿ, ಪೂರ್ತಿ ಭಾರ ಹೊತ್ತ ಕಾರಿನಲ್ಲಿ ಇದು ನೆಚ್ಚಿಕೆಗೆ ಅರ್ಹ. ಬದಲಿಗೆ ಕಪ್ಪು ದೂಳು ಹೆಚ್ಚು, ಬೆಳಗಿನ ತಣ್ಣಗಿನ ಹೊತ್ತಿನಲ್ಲಿ ಸದ್ದು ಹೆಚ್ಚು, ಡಿಸ್ಕಿನ ಸವೆತವೂ ಹೆಚ್ಚು. ಅದೇ ಲೋಹ ಶಾಖವನ್ನು ಹಿಂದಿರುವ ಪಿಸ್ಟನ್ನಿಗೂ ದಾಟಿಸುತ್ತದೆ. ಆದ್ದರಿಂದ ಸೆಮಿ ಮೆಟಾಲಿಕ್ ಹಾಕಿಸುವವರು ಹಳೆಯ ಬ್ರೇಕ್ ಆಯಿಲನ್ನು ಹಾಗೆಯೇ ಬಿಡಬಾರದು.

ಸೆರಾಮಿಕ್ ಎಂಬ ಹೆಸರಿನ ಸುತ್ತ ತಪ್ಪು ತಿಳಿವಳಿಕೆ ಬಹಳ. ದುಬಾರಿ ಸ್ಪೋರ್ಟ್ಸ್ ಕಾರುಗಳಿಗೆ ಬರುವ ಕಾರ್ಬನ್ ಸೆರಾಮಿಕ್ ಡಿಸ್ಕೇ ಬೇರೆ, ನಮ್ಮ ಕಾರಿನ ಎರಕದ ಕಬ್ಬಿಣದ ಡಿಸ್ಕಿಗೆ ಹಾಕುವ ಸೆರಾಮಿಕ್ ಪ್ಯಾಡೇ ಬೇರೆ. ಈ ಪ್ಯಾಡಿನಲ್ಲಿ ಉಕ್ಕಿನ ನಾರಿನ ಬದಲು ಸೆರಾಮಿಕ್ ನಾರುಗಳಿರುತ್ತವೆ. ಸದ್ದು ತೀರಾ ಕಡಿಮೆ, ದೂಳು ತೆಳು ಬಣ್ಣದ್ದಾದ್ದರಿಂದ ಅಲಾಯ್ ಚಕ್ರ ಕೊಳೆಯಾದಂತೆ ಕಾಣುವುದಿಲ್ಲ, ಬಾಳಿಕೆ ಚೆನ್ನ, ಬೆಲೆ ಹೆಚ್ಚು. ಹಾಗೆಂದು ‘ಸೆರಾಮಿಕ್ ಎಂದರೆ ಹೆಚ್ಚು ಜೋರಾಗಿ ನಿಲ್ಲುತ್ತದೆ’ ಎಂಬ ಮಾತು ನಿಜವಲ್ಲ. ಇದರ ಹೆಚ್ಚುಗಾರಿಕೆ ಇರುವುದು ನಿಶ್ಶಬ್ದತೆ ಮತ್ತು ಸ್ವಚ್ಛತೆಯಲ್ಲಿ. ಭಾರ ಹೇರಿಕೊಂಡು ಘಾಟಿ ಇಳಿಯುವ ಕಾರಿಗೆ ನಾನು ಒಳ್ಳೆಯ ಸೆಮಿ ಮೆಟಾಲಿಕ್ಕನ್ನೇ ಮುಂದಿಡುತ್ತೇನೆ.

ಪ್ಯಾಡಿನ ಅಂಚಿನ ಮೇಲೆ ಅಥವಾ ಬೆನ್ನಿನ ತಗಡಿನ ಮೇಲೆ ಎಫ್‌ಎಫ್, ಜಿಜಿ, ಎಫ್‌ಇ ಎಂಬಂಥ ಎರಡು ಇಂಗ್ಲಿಷ್ ಅಕ್ಷರಗಳು ಇರುವುದುಂಟು. ಮೊದಲ ಅಕ್ಷರ ಸಾಮಾನ್ಯ ಉಷ್ಣತೆಯಲ್ಲಿನ ಘರ್ಷಣಾಂಕದ್ದು, ಅಂದರೆ ಹಿಡಿತದ ಅಳತೆಯದ್ದು, ಎರಡನೆಯದು ಬಿಸಿಯಾದಾಗಿನದು. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎಫ್‌ಇ ಎಂದಿದ್ದರೆ ಬಿಸಿಯಾದಾಗ ಹಿಡಿತ ಒಂದು ಮೆಟ್ಟಿಲು ಇಳಿಯುತ್ತದೆ ಎಂದು ತಿಳಿಯಬೇಕು. ಘಾಟಿಯ ಕಾರಿಗೆ ಅಂಥದ್ದನ್ನು ಬಿಟ್ಟು ಎಫ್‌ಎಫ್ ಹುಡುಕುವುದು ಸರಿ. ಆದರೆ ಈ ಅಕ್ಷರಗಳು ಬಾಳಿಕೆಯನ್ನೂ ಸದ್ದನ್ನೂ ಗುಣಮಟ್ಟವನ್ನೂ ಹೇಳುವುದಿಲ್ಲ. ಕಾರಿನ ತಯಾರಕರು ಎಫ್ ಮಟ್ಟದ ಪ್ಯಾಡಿಗೆ ಹೊಂದಿಸಿ ಹಿಂದಿನ ಬ್ರೇಕಿನ ಬಲವನ್ನು ಲೆಕ್ಕ ಹಾಕಿರುವಾಗ, ಮುಂದೆ ಮಾತ್ರ ಜಿ ಹಾಕಿ ಹೆಚ್ಚು ಹಿಡಿತ ಗಳಿಸಿದೆನೆಂದು ಸಂತೋಷಪಡಲು ಕಾರಣವಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ಸಮತೋಲ ತಪ್ಪುತ್ತದೆ.

ಯಾರ ಡಬ್ಬಿ?

ಈಗ ಅಂಗಡಿಯವನ ಪ್ರಶ್ನೆಗೆ ಬರೋಣ. ಕಾರಿನ ಕಂಪನಿಗಳು ಬ್ರೇಕ್ ಪ್ಯಾಡನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಬ್ರೇಕಿನ ಕೆಲಸವನ್ನೇ ಮಾಡಿಕೊಂಡು ಬಂದ ತಯಾರಕರಿಂದ ತರಿಸುತ್ತವೆ. ನಮ್ಮ ದೇಶದಲ್ಲಿ ಚೆನ್ನೈ ಮೂಲದ ಬ್ರೇಕ್ಸ್ ಇಂಡಿಯಾ ಮತ್ತು ರಾಣೆ ಇಂಥ ಹಳೆಯ ಹೆಸರುಗಳು. ಬಾಷ್, ಬ್ರೆಂಬೊ ಮುಂತಾದ ವಿದೇಶಿ ಮೂಲದವೂ ಇವೆ. ಹೀಗಾಗಿ ನಮ್ಮ ಮುಂದೆ ಮೂರು ದಾರಿಗಳಿರುತ್ತವೆ: ಕಾರಿನ ಕಂಪನಿಯ ಹೆಸರಿನ ಡಬ್ಬಿ, ಹೆಸರುವಾಸಿಯಾದ ಬ್ರೇಕ್ ತಯಾರಕರ ಸ್ವಂತ ಡಬ್ಬಿ, ಮತ್ತು ಯಾರು ಮಾಡಿದ್ದೆಂದು ತಿಳಿಯದ ಅಗ್ಗದ ಡಬ್ಬಿ.

ಮೊದಲನೆಯದರಲ್ಲಿ ಹಣ ಹೆಚ್ಚು, ಯೋಚನೆ ಕಡಿಮೆ. ಆ ಕಾರಿನ ತೂಕ, ಕ್ಯಾಲಿಪರು, ಎಬಿಎಸ್ ಎಲ್ಲದರೊಡನೆ ಪರೀಕ್ಷಿಸಿ ಒಪ್ಪಿದ ಮಿಶ್ರಣ ಅದು. ಮೊದಲ ಸಲ ಪ್ಯಾಡ್ ಬದಲಿಸುವವರಿಗೆ, ಹಳೆಯ ಪ್ಯಾಡಿನ ವರ್ತನೆಯಿಂದ ಯಾವ ತೊಂದರೆಯೂ ಆಗದಿದ್ದವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡನೆಯದರಲ್ಲಿ ಬೆಲೆ ಇಳಿಯುತ್ತದೆ, ಗುಣ ಸಾಮಾನ್ಯವಾಗಿ ಇಳಿಯುವುದಿಲ್ಲ. ಆದರೆ ಒಬ್ಬನೇ ತಯಾರಕ ಕಾರಿನ ಕಂಪನಿಗೆ ಕೊಡುವ ಮಿಶ್ರಣವೂ ತನ್ನ ಸ್ವಂತ ಡಬ್ಬಿಯಲ್ಲಿ ಮಾರುವ ಮಿಶ್ರಣವೂ ಒಂದೇ ಆಗಿರಬೇಕೆಂದಿಲ್ಲ. ಯುರೋಪಿನ ಆರ್90 ನಿಯಮದ ಪ್ರಕಾರ ಬದಲಿ ಪ್ಯಾಡಿನ ಕಾರ್ಯಕ್ಷಮತೆ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋಗುವಂತಿಲ್ಲ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ಯಾಡಿನ ಮೇಲೆ ಇ ಅಕ್ಷರ, ಒಪ್ಪಿಗೆ ಕೊಟ್ಟ ದೇಶದ ಅಂಕಿ ಮತ್ತು 90ಆರ್ ಎಂಬುದರಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಬೇರೆ ತಯಾರಕರ ಪ್ಯಾಡ್ ಆರಿಸುವಾಗ ಈ ಗುರುತು ಇರುವುದು ಒಳ್ಳೆಯ ಭರವಸೆ.

ಮೂರನೆಯ ದಾರಿಯನ್ನು ನಾನು ಯಾರಿಗೂ ಹೇಳಲಾರೆ. ಹೆಸರಿರುವ ತಯಾರಕರ ಒಂದು ಸೆಟ್ ಪ್ಯಾಡಿಗೆ, ಅಂದರೆ ಎರಡು ಚಕ್ರಕ್ಕೆ ಬೇಕಾದ ನಾಲ್ಕು ಪ್ಯಾಡುಗಳಿಗೆ, ಸಣ್ಣ ಕಾರಿನ ಒಂದು ಟೈರಿಗಿಂತ ಕಡಿಮೆ ಬೆಲೆ ಇರುತ್ತದೆ. ಅದರಲ್ಲಿ ಉಳಿಸಿದ ಕೆಲವು ನೂರು ರೂಪಾಯಿಯನ್ನು ಚಾರ್ಮಾಡಿಯಲ್ಲಿ ನಾನು ಹೇಗೆ ತೀರಿಸಿದೆನೆಂದು ಮೇಲೆಯೇ ಹೇಳಿದ್ದೇನೆ.

ಒಳ್ಳೆಯ ಹೆಸರಿನ ನಕಲಿ ಡಬ್ಬಿ ಇವೆಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಪೂರ್ತಿ ಬೆಲೆ ಕೊಟ್ಟೂ ಮೋಸಹೋಗುತ್ತೇವೆ. ಡಬ್ಬಿಯನ್ನಷ್ಟೇ ನೋಡಿದರೆ ಸಾಲದು. ಪಾರ್ಟ್ ನಂಬರು ಮತ್ತು ತಯಾರಿಯ ಬ್ಯಾಚ್ ಸಂಖ್ಯೆ ಪ್ಯಾಡಿನ ಬೆನ್ನಿನ ತಗಡಿನ ಮೇಲೂ ಇದೆಯೇ, ನಾಲ್ಕರ ಮೇಲೂ ಒಂದೇ ರೀತಿ ಇದೆಯೇ, ಪದರದ ಅಂಚು ಉದುರುತ್ತಿಲ್ಲವೇ, ಸದ್ದು ತಡೆಯುವ ಶಿಮ್ ಗಟ್ಟಿಯಾಗಿ ಕುಳಿತಿದೆಯೇ ಎಂದು ಕೈಯಲ್ಲಿ ಹಿಡಿದು ನೋಡಬೇಕು. ಜಿಎಸ್‌ಟಿ ಬಿಲ್ ಕೇಳಿದೊಡನೆ ಬೆಲೆ ಬದಲಾಗುವ ಅಂಗಡಿಯಿಂದ ಬ್ರೇಕಿನ ಭಾಗ ಕೊಳ್ಳಬಾರದು. ಒಂದೇ ಮಾದರಿಯ ಕಾರಿಗೂ ವರ್ಷ ಮತ್ತು ವೇರಿಯಂಟಿಗೆ ತಕ್ಕಂತೆ ಕ್ಯಾಲಿಪರೂ ಡಿಸ್ಕಿನ ಅಳತೆಯೂ ಬದಲಾಗುವುದುಂಟು. ಆದ್ದರಿಂದ ‘ಇಂಥ ಕಾರಿಗೆ’ ಎಂದು ಕೇಳದೆ ಚಾಸಿ ನಂಬರ್ ಕೊಟ್ಟು, ಸಾಧ್ಯವಾದರೆ ಹಳೆಯ ಪ್ಯಾಡನ್ನೇ ಜೊತೆಗೆ ಒಯ್ದು ಹೋಲಿಸಬೇಕು.

ಡಿಸ್ಕ್: ಸಾದಾ, ಗೀರಿನದು, ತೂತಿನದು

ಡಿಸ್ಕಿನ ಆಯ್ಕೆ ಪ್ಯಾಡಿನಷ್ಟು ಕವಲೊಡೆಯುವುದಿಲ್ಲ. ಕಾರಿಗೆ ಒಳಗಾಳಿಯ ಡಿಸ್ಕ್, ಅಂದರೆ ಎರಡು ತಟ್ಟೆಗಳ ನಡುವೆ ಗಾಳಿ ಹಾಯುವ ಸಂದುಗಳಿರುವುದು, ಬಂದಿದ್ದರೆ ಅದನ್ನೇ ಹಾಕಬೇಕು. ಗಟ್ಟಿ ಡಿಸ್ಕ್ ಬಂದಿದ್ದರೆ ಅದನ್ನೇ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಏಕೆಂದರೆ ಕ್ಯಾಲಿಪರಿನ ಬಾಯಿಯ ಅಗಲವೇ ಬೇರೆ.

ಮೇಲ್ಮೈಯಲ್ಲಿ ತೂತು ಕೊರೆದ ಡಿಸ್ಕುಗಳು ನೋಡಲು ಚೆಂದ. ಹಳೆಯ ಕಾಲದ ರೇಸಿನ ಪ್ಯಾಡುಗಳು ಬಿಡುತ್ತಿದ್ದ ಅನಿಲಕ್ಕೆ ದಾರಿ ಮಾಡಿಕೊಡಲು ಬಂದ ಉಪಾಯ ಅದು. ಇಂದಿನ ರಸ್ತೆಯ ಪ್ಯಾಡುಗಳಿಗೆ ಅದರ ಅಗತ್ಯ ಕಡಿಮೆ; ತೂತು ಕೊರೆದಷ್ಟೂ ಶಾಖ ಹೀರುವ ಲೋಹ ಹೋಗುತ್ತದೆ, ಮತ್ತೆಮತ್ತೆ ಕಾದು ಆರುವಾಗ ತೂತಿನ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಗೀರು ಕೊರೆದವು ಇದಕ್ಕಿಂತ ವಾಸಿ: ನೀರನ್ನೂ ಪುಡಿಯನ್ನೂ ಸವರಿ ಹಾಕುತ್ತವೆ, ಆದರೆ ಪ್ಯಾಡನ್ನು ಬೇಗ ತಿನ್ನುತ್ತವೆ, ಸ್ವಲ್ಪ ಗುಂಯ್‌ಗುಡುತ್ತವೆ. ದಿನನಿತ್ಯದ ಕಾರಿಗೆ, ಘಾಟಿ ಇಳಿಯುವ ಕಾರಿಗೂ ಸಹ, ಒಳ್ಳೆಯ ಎರಕದ ಸಾದಾ ಡಿಸ್ಕೇ ಸಾಕು.

ಹಣ ಹೆಚ್ಚು ಹಾಕುವುದಿದ್ದರೆ ತುಕ್ಕು ತಡೆಯುವ ಲೇಪವಿರುವ ಡಿಸ್ಕಿಗೆ ಹಾಕಬಹುದು. ಪ್ಯಾಡ್ ತಾಗುವ ಮುಖದ ಲೇಪ ಮೊದಲ ಕೆಲವು ಬ್ರೇಕಿಗೇ ಉಜ್ಜಿ ಹೋಗುತ್ತದೆ. ನಡುವಿನ ಟೊಪ್ಪಿ, ಅಂಚು, ಗಾಳಿಯ ಸಂದುಗಳಲ್ಲಿ ಉಳಿದು ಕೆಲಸ ಮಾಡುತ್ತದೆ. ಲೇಪವಿಲ್ಲದ ಡಿಸ್ಕಿಗೆ ಎಣ್ಣೆ ಸವರಿ ಕಳುಹಿಸಿರುತ್ತಾರೆ. ಕೂರಿಸುವ ಮೊದಲು ಅದನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೊಳೆಯದಿದ್ದರೆ ಹೊಸ ಪ್ಯಾಡ್ ಆ ಎಣ್ಣೆಯನ್ನು ಹೀರಿ ಹಾಳಾಗುತ್ತದೆ.

ಪ್ಯಾಡಾಗಲಿ ಡಿಸ್ಕಾಗಲಿ, ಎಡಬಲ ಎರಡೂ ಒಟ್ಟಿಗೆ ಬದಲಾಗಬೇಕು. ಒಂದೇ ಬದಿಯನ್ನು ಬದಲಿಸಿದ ಕಾರು ಜೋರಾಗಿ ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತದೆ.

ನಿಮ್ಮ ಕಾರಿಗೆ ಯಾವುದು?

ಬೆಂಗಳೂರಿನ ದಟ್ಟಣೆಯಲ್ಲೇ ದಿನ ಕಳೆಯುವ, ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋಗುವ ಸಣ್ಣ ಕಾರಿಗೆ ಕಂಪನಿಯ ಪ್ಯಾಡ್ ಅಥವಾ ಅದೇ ಮಟ್ಟದ ಆರ್ಗ್ಯಾನಿಕ್ ಸರಿಯಾದ ಆಯ್ಕೆ. ಇಲ್ಲಿ ವೇಗ ಕಡಿಮೆ, ಒತ್ತುವ ಸಲಗಳು ಹೆಚ್ಚು. ತಣ್ಣಗಿದ್ದಾಗ ಹಿಡಿಯುವ ಗುಣ ಬೇಕು. ಸದ್ದು ಸಹಿಸಲಾಗದವರು, ಅಲಾಯ್ ಚಕ್ರದ ದೂಳಿನಿಂದ ಬೇಸತ್ತವರು ಸೆರಾಮಿಕ್ಕಿಗೆ ಹೋಗಬಹುದು, ಆ ಹಣ ವ್ಯರ್ಥವಲ್ಲ.

ಮಲೆನಾಡಿನಲ್ಲೋ ಕೊಡಗಿನಲ್ಲೋ ನೆಲೆಸಿ ವಾರಕ್ಕೊಮ್ಮೆಯಾದರೂ ಘಾಟಿ ಇಳಿಯುವವರು, ಏಳು ಜನ ಕೂರುವ ಕಾರಿನಲ್ಲಿ ಏಳೂ ಜನರನ್ನು ಕೂರಿಸಿಕೊಂಡು ಕರಾವಳಿಗೆ ಹೋಗುವವರು, ಪ್ರವಾಸಿ ಟ್ಯಾಕ್ಸಿ ನಡೆಸುವವರು ಸದ್ದನ್ನೂ ದೂಳನ್ನೂ ಒಪ್ಪಿಕೊಂಡು ಹೆಸರಿರುವ ತಯಾರಕರ ಸೆಮಿ ಮೆಟಾಲಿಕ್ಕನ್ನು, ಕನಿಷ್ಠಕ್ಕಿಂತ ಸಾಕಷ್ಟು ದಪ್ಪವಿರುವ ಡಿಸ್ಕಿನ ಜೊತೆಗೆ ಹಾಕಿಸಬೇಕು. ಈ ಗುಂಪಿನವರಿಗೆ ಪ್ಯಾಡಿಗಿಂತ ಮೊದಲು ನೋಡಬೇಕಾದದ್ದು ಬ್ರೇಕ್ ಆಯಿಲ್. ಅದರ ದರ್ಜೆಯನ್ನು ಡಾಟ್ ಎಂಬ ಅಂಕಿಯಿಂದ ಗುರುತಿಸುತ್ತಾರೆ. ಡಾಟ್ 3ರ ಕುದಿಯುವ ಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ನೀರು ಹೀರಿಕೊಂಡ ಮೇಲೆ 140. ಡಾಟ್ 4ರದು 230 ಮತ್ತು 155. ನಮ್ಮ ಮಳೆಗಾಲದ ತೇವದಲ್ಲಿ ಅದು ನೀರು ಹೀರುತ್ತಲೇ ಇರುತ್ತದೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕೈಪಿಡಿಯಲ್ಲಿ ಹೇಳಿದ ದರ್ಜೆಗಿಂತ ಕೆಳಗಿನದನ್ನು ಹಾಕಿಸಬಾರದು. ಸಿಲಿಕೋನಿನಿಂದ ಮಾಡಿದ ಡಾಟ್ 5 ಇವುಗಳೊಡನೆ ಬೆರೆಯುವುದಿಲ್ಲ. ಅಂಕಿ ದೊಡ್ಡದೆಂದು ಅದನ್ನು ಸುರಿಯಬಾರದು.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಶತ್ರು ಶಾಖಕ್ಕಿಂತ ಉಪ್ಪುಗಾಳಿ. ರಾತ್ರಿ ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಬೆಳಿಗ್ಗೆ ಕೆಂಪಾಗಿರುವುದು ಸಹಜ, ಎರಡು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ತುಕ್ಕು ಗುಂಡಿ ತೋಡುತ್ತದೆ, ಪ್ಯಾಡಿನ ಪದರಕ್ಕೂ ತಗಡಿಗೂ ನಡುವೆ ಹೊಕ್ಕು ಪದರವನ್ನೇ ಕಳಚುವಂತೆ ಮಾಡುತ್ತದೆ. ಇಲ್ಲಿ ಲೇಪದ ಡಿಸ್ಕ್, ಚೆನ್ನಾಗಿ ಬಣ್ಣ ಹೊಡೆದ ತಗಡಿನ ಪ್ಯಾಡ್ ಮತ್ತು ವರ್ಷಕ್ಕೊಮ್ಮೆ ಕ್ಯಾಲಿಪರ್ ಪಿನ್ ಬಿಚ್ಚಿ ಗ್ರೀಸ್ ಮಾಡಿಸುವುದು, ಮೂರೂ ಬೇಕು. ವಿದ್ಯುತ್ ಕಾರುಗಳಲ್ಲಿ ಮೋಟಾರೇ ಬಹುಪಾಲು ವೇಗ ತಗ್ಗಿಸುವುದರಿಂದ ಪ್ಯಾಡ್ ಬಹಳ ಕಾಲ ಬಾಳುತ್ತದೆ. ಆದರೆ ಬಳಕೆಯಿಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕರಾವಳಿಯ ಮಾತು ಅವುಗಳಿಗೂ ಸಲ್ಲುತ್ತದೆ.

ಹಾಕಿಸುವ ದಿನ

ಸಾಧ್ಯವಾದರೆ ಪಕ್ಕದಲ್ಲೇ ನಿಂತು ನೋಡಿ. ಹಬ್ಬಿನ ಮುಖವನ್ನು ತಂತಿ ಬ್ರಶ್ಶಿನಿಂದ ಉಜ್ಜಬೇಕು. ಹಳೆಯ ಪ್ಯಾಡಿನ ದೂಳನ್ನು ಗಾಳಿಯ ಪೈಪಿನಿಂದ ಊದಬಾರದು. ಅದರಲ್ಲಿ ಏನಿದೆಯೋ ಅದು ಉಸಿರಿನೊಳಗೆ ಹೋಗುತ್ತದೆ, ನೀರಿನಿಂದಲೋ ಕ್ಲೀನರಿನಿಂದಲೋ ತೊಳೆಯುವಂತೆ ಕೇಳಿಕೊಳ್ಳಿ. ಕ್ಯಾಲಿಪರನ್ನು ಬ್ರೇಕ್ ಹೋಸಿನಿಂದ ನೇತುಹಾಕಲು ಬಿಡಬೇಡಿ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ವ್ರೆಂಚಿನಲ್ಲಿ ಕೈಪಿಡಿಯ ಅಳತೆಗೆ ಬಿಗಿಯಬೇಕು; ಏರುಪೇರಾಗಿ ಬಿಗಿದರೂ ಡಿಸ್ಕ್ ಓರೆಯಾಗುತ್ತದೆ. ಕಾರು ಹೊರಡುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಲೇಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗುವವರೆಗೆ ಮೊದಲ ಒತ್ತಿಗೆ ಬ್ರೇಕ್ ಇರುವುದಿಲ್ಲ.

ಆಮೇಲೆ ಪ್ಯಾಡನ್ನೂ ಡಿಸ್ಕನ್ನೂ ಒಂದಕ್ಕೊಂದು ಪಳಗಿಸಬೇಕು. ಹಿಂದೆ ವಾಹನವಿಲ್ಲದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಿಂದ 15ರವರೆಗೆ ಹದವಾಗಿ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹೆಚ್ಚಿಸಿ, ನಡುವೆ ಅರ್ಧ ನಿಮಿಷ ಗಾಳಿಗೆ ಬಿಟ್ಟು, ಹೀಗೆ ಎಂಟು ಹತ್ತು ಸಲ ಮಾಡಿ, ಕೊನೆಗೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ಆರಿಸಬೇಕು. ಬಿಸಿಯಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದು ನಿಂತರೆ ಅಲ್ಲೇ ಪದಾರ್ಥ ಅಂಟಿ, ಆಗಲೇ ಹೇಳಿದ ನಡುಕಕ್ಕೆ ಮೊದಲಾಗುತ್ತದೆ. ಹೊಸ ಪ್ಯಾಡ್ ಹಾಕಿಸಿ ಮರುದಿನವೇ ಘಾಟಿ ಇಳಿಯುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಹೊಸ ಪ್ಯಾಡಿನ ಅಂಟು ಮೊದಲ ಸಲ ಚೆನ್ನಾಗಿ ಕಾದಾಗ ಅನಿಲ ಬಿಡುತ್ತದೆ, ಅದು ಸಮತಟ್ಟಾದ ರಸ್ತೆಯಲ್ಲೇ ಆಗಿ ಹೋಗಲಿ.

ಬದಲಿಸಿದ ದಿನಾಂಕ, ಕಿಲೋಮೀಟರ್, ಪ್ಯಾಡಿನ ಪಾರ್ಟ್ ನಂಬರ್ ಮತ್ತು ಡಿಸ್ಕಿನ ದಪ್ಪವನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. 10,000 ಕಿಲೋಮೀಟರಿಗೆ ಟೈರುಗಳನ್ನು ಅದಲುಬದಲು ಮಾಡಿಸಲು ಚಕ್ರ ಬಿಚ್ಚಿದಾಗ ಹೊರಗಿನ ಪ್ಯಾಡನ್ನಲ್ಲದೆ ಒಳಗಿನದನ್ನೂ ಟಾರ್ಚ್ ಹಿಡಿದು ಅಳೆಯಿರಿ. ಸವೆದದ್ದು ಎಷ್ಟೆಂದು ತಿಳಿದರೆ ಮುಂದಿನ ಸೆಟ್ ಯಾವ ಮಳೆಗಾಲಕ್ಕೆ ಮೊದಲು ಬೇಕಾಗುತ್ತದೆಂದು ಆಗಲೇ ಲೆಕ್ಕ ಸಿಗುತ್ತದೆ.